ಹೊಸ ವೈರಿಂಗ್ ಮಾಡಿಸ್ತಿದ್ದೀರಾ? ಹಸಿರು ವೈರ್ ನೋಡಿ, ನಾನು ನೋಡಲಿಲ್ಲ

ನಾಚಿಕೆ ಬಿಟ್ಟು ಬರೀತಿದ್ದೀನಿ. ಹಳೇ ಮನೆ ರಿಪೇರಿ ಮಾಡಿಸಿ ಎಂಟು ತಿಂಗಳಾಯ್ತು. ವೈರಿಂಗ್ ಪೂರ್ತಿ ಹೊಸದು, ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್.

ಹೋದ ವಾರ ಅಮ್ಮ, "ಬಚ್ಚಲ ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ ಕಣೋ" ಅಂದ್ರು. ಕೈ ಜೋಮು ಹಿಡಿದಿರಬೇಕು ಅಂತ ನಾನು ನಕ್ಕುಬಿಟ್ಟೆ. ನಕ್ಕೆ! ಮೂರನೇ ದಿನ ನನಗೇ ಹೊಡೀತು.

ಭಾವನನ್ನ ಕರೆಸಿದೆ. ಅವರು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಮೇನ್ ಆಫ್ ಮಾಡಿ ಗೀಸರ್ ಸಾಕೆಟ್ ಬಿಚ್ಚಿದ್ರು. ಕೆಂಪು, ಅಂದ್ರೆ ಫೇಸ್ ವೈರ್, 4 ಸ್ಕ್ವೇರ್ ಎಂಎಂ, ಕಪ್ಪು 4. ಹಸಿರು, ಅಂದ್ರೆ ಅರ್ಥ್ ವೈರ್? 1! ಆ ದೊಡ್ಡ ಸ್ಕ್ರೂ ಕೆಳಗೆ ಸಣ್ಣ ವೈರ್ ಕಚ್ಚಿಕೊಂಡಿರಲೇ ಇಲ್ಲ, ಬೆರಳು ತಾಗಿಸಿದ್ದಕ್ಕೇ ಈಚೆ ಬಂತು. "ಕೆಲಸ ನಡೆಯುವಾಗ ನೀನು ಎಲ್ಲಿದ್ದೆ ಮಾರಾಯ?" ಅಂದ್ರು.

ಎಲ್ಲಿದ್ದೆ ಅಂದ್ರೆ, ಅಲ್ಲೇ ಇದ್ದೆ! ಕುರ್ಚಿ ಹಾಕ್ಕೊಂಡು ಕೆಂಪು ವೈರ್ ಕಾಯಿಲ್ ಡಬ್ಬಿ ಒಂದೊಂದೇ ಓದಿ ಟಿಕ್ ಹಾಕ್ತಿದ್ದೆ. ಹಸಿರು ಡಬ್ಬಿ ಕಡೆ ಕಣ್ಣೇ ಹಾಯಿಸಲಿಲ್ಲ. ಮೇಲಿಂದ ವೈರಿಂಗ್ ಕಾಂಟ್ರಾಕ್ಟರ್‌ಗೆ ದಿನಾ ಎರಡು ಸಲ ಕಾಫಿ ಬೇರೆ.

ಅವನಿಗೇ ಫೋನ್ ಮಾಡಿದೆ. "ಅರ್ಥಲ್ಲಿ ಕರೆಂಟೇ ಓಡಲ್ವಲ್ಲ ಸಾರ್, ಅದಕ್ಯಾಕೆ ದಪ್ಪ ವೈರು?" ಅಂದ. ಓಡಲ್ಲ ಸ್ವಾಮಿ, ಎಲ್ಲಾ ಸರಿ ಇದ್ದಾಗ ಓಡಲ್ಲ! ಫೇಸ್ ವೈರ್ ಗೀಸರ್‌ನ ಲೋಹದ ಮೈಗೆ ತಗಲಿದ ಕ್ಷಣ ಅದರಲ್ಲೇ ನೂರಾರು ಆಂಪ್ಸ್ ಹರೀಬಹುದು, ಎಂಸಿಬಿ (ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಸ್ವಿಚ್) ಬೀಳೋವರೆಗೂ ಅದು ತಡ್ಕೋಬೇಕು. ಅರ್ಥಿಂಗ್‌ನ ಭಾರತೀಯ ಮಾನದಂಡ ಐಎಸ್ 3043 ಲೆಕ್ಕದಲ್ಲಿ ಫೇಸ್ ವೈರ್ 16 ಸ್ಕ್ವೇರ್ ಎಂಎಂ ದಾಟದಿದ್ರೆ ಅರ್ಥ್ ವೈರೂ ಅಷ್ಟೇ ದಪ್ಪ ಅಂತ ಭಾವ ಹೇಳಿದ್ದನ್ನ ಅವನಿಗೂ ಹೇಳಿದೆ. "ಅದೆಲ್ಲಾ ಪುಸ್ತಕದ್ದು ಸಾರ್. ನಾವು ಎಲ್ಲಾ ಮನೆಗೂ ಹೀಗೇ ಹಾಕೋದು."

ಎಲ್ಲಾ ಮನೆಗೂ ಅಂತೆ! ಇದಕ್ಕೇ ಬರೀತಿರೋದು.

ಆಮೇಲೆ ಇನ್ನೊಂದು ಡೈಲಾಗ್: "30 ಮಿಲಿಆಂಪ್ ಆರ್‌ಸಿಸಿಬಿ ಇದೆಯಲ್ಲ ಸಾರ್, ಭಯ ಯಾಕೆ?" ಅದು ಕರೆಂಟ್ ಲೀಕಾದ್ರೆ ಲೈನ್ ಕಟ್ ಮಾಡೋ ಸ್ವಿಚ್. ಅರ್ಥ್ ನೆಟ್ಟಗಿದ್ದಿದ್ರೆ ಗೀಸರ್ ಕಾಯಿಲ್‌ನಿಂದ ಕರೆಂಟ್ ಲೀಕಾದಾಗಲೇ ಆರ್‌ಸಿಸಿಬಿ ಬೀಳ್ತಿತ್ತು. ಅರ್ಥ್ ಬಿಟ್ಟಿದ್ದರಿಂದ ಅಮ್ಮನ ಕೈಯೇ ಅರ್ಥ್ ವೈರ್ ಆಗಿತ್ತು. ಅದನ್ನ ಹೇಳಿದ್ದಕ್ಕೆ ಫೋನ್ ಕಟ್. ಈಗ ಎತ್ತೋದೇ ಇಲ್ಲ.

ಹೀಗೆ ಒಂದು ವೈರ್ ಕಾಯಿಲ್‌ಗೆ ಎಷ್ಟು ಸಾವಿರ ಉಳಿಸಿಕೊಂಡ್ನೋ. ಎಸ್ಟಿಮೇಟ್‌ನಲ್ಲಿ "ಅರ್ಥಿಂಗ್ ಸಮೇತ" ಅಂತ ಒಂದೇ ಸಾಲು ಇತ್ತು, ಸೈಜ್ ಇಲ್ಲ. ನೀವು ಬರೆಸ್ಕೊಳ್ಳಿ. ಸೈಜ್ ವೈರ್ ಮೈಮೇಲೇ ಅಚ್ಚಾಗಿರುತ್ತೆ, ಪೈಪಿಗೆ ಎಳೆಯೋ ಮುಂಚೆ ಫೋಟೋ ತೆಗೀರಿ. ಪ್ಲಾಸ್ಟರ್ ಆದ್ಮೇಲೆ ಯಾವನೂ ನಿಮ್ಮ ಮಾತು ಕೇಳಲ್ಲ.

ಭಾವ ಹಳೇ ವೈರಿಗೇ ಹೊಸದು ಕಟ್ಟಿ ಎಳೆದು ನೋಡಿದ್ರು. ಎಸಿ ಪಾಯಿಂಟ್‌ಗೆ ಬಂತು. ಬಚ್ಚಲದ್ದು ಬೆಂಡಲ್ಲಿ ಸಿಕ್ಕಿಹಾಕ್ಕೊಂಡಿದೆ, ಹೊಸ ಟೈಲ್ಸ್ ಒಡೀಬೇಕಂತೆ. ಅಲ್ಲೀವರೆಗೆ ಗೀಸರ್ ಬಂದ್, ಅಮ್ಮ ಗ್ಯಾಸ್ ಮೇಲೆ ನೀರು ಕಾಯಿಸ್ತಿದ್ದಾರೆ.