ಇತಿಹಾಸದಲ್ಲಿಲ್ಲದ ಪಡೆಗೆ ಸಮವಸ್ತ್ರ ಬರೆಸಿದೆ: ಕೆಲಸ ಹೇಗಿತ್ತು?

ಪರ್ಯಾಯ ಇತಿಹಾಸದ ಕಥೆ ಬರೆಯುವವರಿಗೆ ಸಮವಸ್ತ್ರ, ಲಾಂಛನ, ಠಾಣೆಯ ನಕ್ಷೆ ಬರೆದುಕೊಡುವ ಚಿತ್ರಕಾರರೊಬ್ಬರಿದ್ದಾರೆ. ನನ್ನ ಕಾದಂಬರಿಯ ಪೊಲೀಸ್ ಪಡೆಗೆ, ಅಂದರೆ ಜೆಂಡಾರ್ಮರಿಗೆ, ಅವರಿಂದ ಒಂದು ಪೂರ್ತಿ ಸೆಟ್ ಮಾಡಿಸಿಕೊಂಡೆ. ಪರಿಚಯದವರ ಮೂಲಕ ಬಂದ ಕೆಲಸವನ್ನಷ್ಟೇ ಒಪ್ಪಿಕೊಳ್ಳುವವರು, ಹಾಗಾಗಿ ಹೆಸರು ಹಾಕುತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೆಲಸ ತುಂಬಾ ಚೆನ್ನಾಗಿದೆ. ಕೆಲವು ಕಡೆ ಬೇಸರವೂ ಆಯ್ತು. ಎರಡನ್ನೂ ಬರೆಯುತ್ತೇನೆ.

ನನ್ನ ಕಥೆ ನಡೆಯುವುದು 1912ರ ಫಿಲಿಪ್ಪೀನ್ಸ್‌ನಲ್ಲಿ. ನಿಜದಲ್ಲಿ ಏನಾಯ್ತು ಅಂದರೆ, 1898ರ ಫೆಬ್ರವರಿಯಲ್ಲಿ, ಆಗ ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ಮೇನ್ ಯುದ್ಧನೌಕೆ ಸಿಡಿಯಿತು. ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಶುರುವಾಯಿತು. ಡಿಸೆಂಬರ್‌ನಲ್ಲಿ ಪ್ಯಾರಿಸ್ ಒಪ್ಪಂದವಾಗಿ, ಸ್ಪೇನ್ 2 ಕೋಟಿ ಡಾಲರ್ ತಗೊಂಡು ತನ್ನ ವಸಾಹತಾಗಿದ್ದ ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ನನ್ನ ಕಥೆಯಲ್ಲಿ ಮೇನ್ ಸಿಡಿಯುವುದಿಲ್ಲ. ಸ್ಪೇನ್ ಅಲ್ಲೇ ಉಳಿಯುತ್ತದೆ. ತನ್ನ ಹಳೆಯ ಸಿವಿಲ್ ಗಾರ್ಡ್ ತುಕಡಿಗಳನ್ನೂ ಮನಿಲಾ ನಗರದ ಪೊಲೀಸ್ ಪಡೆಯಾದ ವೆತೆರಾನಾವನ್ನೂ ಸೇರಿಸಿ ದ್ವೀಪಗಳಿಗೆಲ್ಲ ಒಂದೇ ರಾಷ್ಟ್ರೀಯ ಜೆಂಡಾರ್ಮರಿ ಕಟ್ಟುತ್ತದೆ.

ಜೆಂಡಾರ್ಮರಿ ಅಂದರೆ ಸೈನ್ಯದ ಶಿಸ್ತಿನಲ್ಲಿದ್ದು ಹಳ್ಳಿ, ಹೆದ್ದಾರಿಗಳಲ್ಲಿ ಪೊಲೀಸ್ ಕೆಲಸ ಮಾಡುವ ಪಡೆ. ಫ್ರಾನ್ಸ್‌ನಲ್ಲಿ 1791ರಿಂದ ಈ ಹೆಸರಿದೆ. ಸ್ಪೇನಿನಲ್ಲಿ ಇಂಥದೇ ಪಡೆಯಾದ ಸಿವಿಲ್ ಗಾರ್ಡ್ ಹುಟ್ಟಿದ್ದು 1844ರಲ್ಲಿ. ಫಿಲಿಪ್ಪೀನ್ಸ್‌ಗೆ ಅದು ಬಂದಿದ್ದು 1868ರಲ್ಲಿ.

ಚಿತ್ರಕಾರರು ಪೆನ್ಸಿಲ್ ಹಿಡಿಯುವ ಮೊದಲು ಒಂದಷ್ಟು ಪ್ರಶ್ನೆ ಕಳಿಸಿದರು. ನನಗೆ ಈ ಸೇವೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ. ಬಣ್ಣ ಯಾವುದು, ಟೋಪಿ ಯಾವುದು ಅಂತ ಕೇಳಲೇ ಇಲ್ಲ. ಸಿಪಾಯಿಗಳು ಯಾವ ಊರಿನವರು? ತಮ್ಮ ಊರಲ್ಲೇ ಕೆಲಸ ಮಾಡಬಹುದಾ? ಮದುವೆಯಾದವರು ಹೆಂಡತಿ ಮಕ್ಕಳನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ? ಸರ್ಕಾರಕ್ಕೆ ಇವರ ಮೇಲೆ ಎಷ್ಟು ನಂಬಿಕೆ ಇದೆ? ಇಂಥವೇ ಎಲ್ಲ.

ಕೊನೆಯ ಪ್ರಶ್ನೆಗೆ ನಾನು ಬರೆದ ಉತ್ತರ: ನಂಬಿಕೆ ಕಡಿಮೆ. 1872ರಲ್ಲಿ ಮನಿಲಾ ಹತ್ತಿರದ ಕಾವಿಟೆಯಲ್ಲಿ ಸಿಪಾಯಿಗಳ ದಂಗೆ, 1896ರಲ್ಲಿ ಸ್ವಾತಂತ್ರ್ಯ ಬೇಕೆಂದ ಗುಪ್ತ ಸಂಘ ಕಟಿಪುನಾನ್‌ನ ಬಂಡಾಯ, ಅದೇ ವರ್ಷ ಡಿಸೆಂಬರ್‌ನಲ್ಲಿ ದೇಶಾಭಿಮಾನಿ ಲೇಖಕ ಹೊಸೆ ರಿಸಾಲ್‌ಗೆ ಗುಂಡಿಕ್ಕಿದ್ದು. ಇಷ್ಟೆಲ್ಲ ಆದಮೇಲೆ ಮನಿಲಾದ ಅಧಿಕಾರಿಗಳು ಸ್ಥಳೀಯ ಸಿಪಾಯಿಗಳ ಕೈಗೆ ಒಳ್ಳೆಯ ಬಂದೂಕು ಕೊಡುತ್ತಾರಾ? ಚಿತ್ರಕಾರರು ಈ ಒಂದು ಸಾಲು ಹಿಡಿದುಕೊಂಡೇ ಕೆಲಸ ಮಾಡಿದ್ದಾರೆ. ಗಸ್ತಿನ ಜೋಡಿಯಲ್ಲಿ ಸ್ಪೇನಿನಿಂದ ಬಂದ ಹಿರಿಯನ ಹೆಗಲಲ್ಲಿ ಒಳ್ಳೆಯ ಮೌಸರ್ ಬಂದೂಕು ಇದೆ. ಪಕ್ಕದ ಸ್ಥಳೀಯ ಸಿಪಾಯಿಯ ಹೆಗಲಲ್ಲಿ ಹಳೇ ರೆಮಿಂಗ್ಟನ್. 1857ರ ನಂತರ ಬ್ರಿಟಿಷರು ನಮ್ಮವರ ಪಲ್ಟನ್‌ಗಳಿಗೆ ಒಂದು ತಲೆಮಾರು ಹಿಂದಿನ ಬಂದೂಕು ಕೊಡುತ್ತಿದ್ದರಲ್ವಾ, ಅದೇ ಲೆಕ್ಕಾಚಾರ. ಪುಟಗಟ್ಟಲೆ ಬರೆದು ಹೇಳಬೇಕಾದ ವಿಷಯ ಆ ಎರಡು ಬಂದೂಕುಗಳಲ್ಲಿ ಬಂದುಬಿಟ್ಟಿದೆ.

ಈ ಜೋಡಿಯ ಚಿತ್ರವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ಹೇಳಬೇಕು. ಬಟ್ಟೆ ರಯಾಡಿಲ್ಲೊ. ಬಿಳಿ ಹತ್ತಿಯ ಮೇಲೆ ಸಣ್ಣ ನೀಲಿ ಗೆರೆ, ದೂರದಿಂದ ನೋಡಿದರೆ ಬೂದು ಬಣ್ಣದ ಹಾಗೆ ಕಾಣುತ್ತದೆ. ಸ್ಪೇನಿನ ಬಿಸಿಲು ನಾಡಿನ ಪಡೆಗಳು ಇದನ್ನೇ ಹಾಕುತ್ತಿದ್ದವು. ಹಿರಿಯನ ಅಂಗಿಯಲ್ಲಿ ಗೆರೆ ಇನ್ನೂ ಗಾಢವಾಗಿದೆ. ಸಿಪಾಯಿಯ ಅಂಗಿ ಒಗೆದು ಒಗೆದು ಮಾಸಿದೆ, ಮೊಣಕೈ ಹತ್ತಿರ ತೇಪೆ ಹಾಕಿದೆ. ತೇಪೆಯ ಗೆರೆಗಳು ಅಡ್ಡಕ್ಕೆ ಬಂದಿವೆ, ಅಂಗಿಯ ಗೆರೆಗಳು ಉದ್ದಕ್ಕೆ. ಯಾರೋ ಮನೆಯಲ್ಲಿ ಕೂತು ಹೊಲಿದಿದ್ದಾರೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ತಲೆ ಮೇಲೆ ಸ್ಪೇನಿನ ಮೂರು ಮೂಲೆಯ ಕಪ್ಪು ಟೋಪಿ ಇಲ್ಲ, ಅಲ್ಲಿನವರದೇ ಅಗಲ ಅಂಚಿನ ಟೋಪಿ ಸಲಕೋಟ್ ಇದೆ. ಆ ಮಳೆಗೆ, ಆ ಬಿಸಿಲಿಗೆ ಅದೇ ಸರಿ.

ಅವರ ಮುಂದೆ ಒಬ್ಬ ರೈತ ನಿಂತಿದ್ದಾನೆ. ನಾನು ಕೇಳಿದ್ದು ಬರೀ ಸಮವಸ್ತ್ರದ ಚಿತ್ರ. ರೈತನನ್ನು ಸೇರಿಸಿದ್ದು ಚಿತ್ರಕಾರರು. ಅವನು ಸೆದುಲಾ ಚೀಟಿ ಬಿಚ್ಚಿ ತೋರಿಸುತ್ತಿದ್ದಾನೆ. 1884ರಲ್ಲಿ ಹಳೇ ಕಪ್ಪಕಾಣಿಕೆ ತೆಗೆದುಹಾಕಿ ತಂದ ತಲೆಗಂದಾಯದ ಚೀಟಿ ಅದು. ರಸ್ತೆಯಲ್ಲಿ ಸಿವಿಲ್ ಗಾರ್ಡ್ ಕೇಳಿದಾಗ ಅದು ಕೈಯಲ್ಲಿ ಇಲ್ಲದಿದ್ದರೆ ಹಿಡಿದುಕೊಂಡು ಹೋಗಬಹುದಿತ್ತು. 1896ರ ಆಗಸ್ಟ್‌ನಲ್ಲಿ ಕಟಿಪುನಾನ್‌ನವರು ಬಂಡಾಯ ಸಾರುವಾಗ ಹರಿದೆಸೆದಿದ್ದು ಇದೇ ಚೀಟಿಗಳನ್ನು. ಚಿತ್ರದಲ್ಲಿ ಚೀಟಿಯ ಮಡಿಕೆ ಸವೆದು ನಾಲ್ಕು ತುಂಡಾಗುವ ಹಾಗಿದೆ. ಹಿರಿಯ ಚೀಟಿ ನೋಡುತ್ತಿದ್ದಾನೆ. ಸಿಪಾಯಿ ರೈತನ ಮುಖ ನೋಡುತ್ತಿಲ್ಲ, ರಸ್ತೆ ಕಡೆ ತಿರುಗಿದ್ದಾನೆ. ವಸಾಹತಿನ ಪಡೆಯನ್ನು ಪೆರೇಡ್ ಮೈದಾನದಲ್ಲಿ ನಿಲ್ಲಿಸಿ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಅದು ಯಾರ ಮೇಲೆ ಕೂತಿತ್ತೋ ಅವರ ಜೊತೆ ಸೇರಿಸಿ ತೋರಿಸಿದರೆ ಮಾತ್ರ ಪಡೆ ಅರ್ಥವಾಗುತ್ತದೆ ಅನ್ನೋದು ನನ್ನ ನಂಬಿಕೆ. ಈ ಚಿತ್ರ ನೋಡಿದ ಮೇಲೆ ಕಾದಂಬರಿಯ ಮೂರನೇ ಅಧ್ಯಾಯವನ್ನು ಆ ಸಿಪಾಯಿಯ ಕಡೆಯಿಂದ ಹೊಸದಾಗಿ ಬರೆಯುತ್ತಿದ್ದೇನೆ.

ಠಾಣೆಯ ನಕ್ಷೆಯೂ ಚೆನ್ನಾಗಿದೆ. ಸ್ಪೇನಿನಲ್ಲಿ ಸಿವಿಲ್ ಗಾರ್ಡ್‌ನವರು ಸಂಸಾರ ಸಮೇತ ಠಾಣೆಯಲ್ಲೇ ಇರುತ್ತಿದ್ದರು. ಅದಕ್ಕೇ ಈ ನಕ್ಷೆಯಲ್ಲಿ ಬಂದೀಖಾನೆಯ ಗೋಡೆಗೆ ಅಂಟಿಕೊಂಡೇ ಅಡುಗೆಮನೆ ಇದೆ, ಅಂಗಳದಲ್ಲಿ ಬಾವಿ, ಬಟ್ಟೆ ಒಣಹಾಕುವ ಹಗ್ಗ. ಐರ್ಲೆಂಡಿನ ಪೊಲೀಸ್ ಪಡೆಯಾಗಿದ್ದ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿಯಲ್ಲಿ ಸ್ವಂತ ಜಿಲ್ಲೆಗೂ ಹೆಂಡತಿಯ ಜಿಲ್ಲೆಗೂ ಪೋಸ್ಟಿಂಗ್ ಕೊಡುತ್ತಿರಲಿಲ್ಲ. ಆ ನಿಯಮವನ್ನು ನನ್ನ ಪಡೆಗೂ ತಂದಿದ್ದೇನೆ. ಅದನ್ನು ಓದಿದ ಚಿತ್ರಕಾರರು ಠಾಣೆಯನ್ನು ಊರಿನಿಂದ ಸ್ವಲ್ಪ ಆಚೆ ಇಟ್ಟು, ಹೆಬ್ಬಾಗಿಲನ್ನು ಊರಿನ ಕಡೆಗಲ್ಲದೆ ರಸ್ತೆ ಕಡೆಗೆ ತಿರುಗಿಸಿದ್ದಾರೆ.

ಇನ್ನು ಬೇಸರದ ವಿಷಯ. ಅಂಗಿಯ ಗುಂಡಿಗಳ ಮೇಲೆ ಉರಿಯುವ ಗ್ರೆನೇಡಿನ ಚಿಹ್ನೆ ಬರೆದಿದ್ದರು. ಅದು ಫ್ರಾನ್ಸಿನ ಜೆಂಡಾರ್ಮರಿಯ, ಇಟಲಿಯ ಅಂಥದೇ ಪಡೆಯಾದ ಕಾರಾಬಿನಿಯೇರಿಯ ಗುರುತು. ಸಿವಿಲ್ ಗಾರ್ಡ್‌ನಿಂದ ಹುಟ್ಟಿದ ಪಡೆಗೆ ಅದು ಹೊಂದಲ್ಲ. ಹೇಳಿದ ಮೇಲೆ ಗುಂಡಿಗಳಲ್ಲಿ ತೆಗೆದರು, ಆದರೆ ಕುದುರೆ ಗಸ್ತಿನ ಚಿತ್ರದಲ್ಲಿ ಜೀನಿನ ಬಟ್ಟೆಯ ಮೇಲೆ ಅದು ಹಾಗೇ ಉಳಿಯಿತು. ಎರಡನೇ ಸಲ ಬರೆದು ಕೇಳಬೇಕಾಯ್ತು. ಆ ಕುದುರೆ ಚಿತ್ರವೇ ಸೆಟ್‌ನಲ್ಲಿ ಸಪ್ಪೆ. ಸವಾರನ ಬೂಟು ಹೊಳೆಯುತ್ತಿದೆ, ಕುದುರೆಯ ಕಾಲಲ್ಲಿ ಕೆಸರಿಲ್ಲ, ಹಿಂದೆ ಊರಿಲ್ಲ.

ಕೆಲಸ ಕೊಡುವುದೂ ತಡವಾಯ್ತು. ತಡವಾಗಿದ್ದಕ್ಕಿಂತ, ಮಧ್ಯದಲ್ಲಿ ಸುದ್ದಿಯೇ ಇಲ್ಲದೆ ಸುಮ್ನೆ ಇದ್ದಿದ್ದು ಜಾಸ್ತಿ ಬೇಸರ ತಂದಿತು. ಒಂದು ಸಾಲು ಬರೆದಿದ್ದರೂ ಸಾಕಿತ್ತು. ಕೊನೆಗೆ ಬಂದ ಫೈಲ್‌ನಲ್ಲಿ ಲೇಯರ್‌ಗಳನ್ನೆಲ್ಲ ಒಂದು ಮಾಡಿಬಿಟ್ಟಿದ್ದರು. ಪುಸ್ತಕದ ಪುಟಕ್ಕೆ ಹೊಂದಿಸಲು ಅಕ್ಷರ ಬೇರೆ, ಚಿತ್ರ ಬೇರೆ ಬೇಕಿತ್ತು. ಕೇಳಿದಾಗ ಕೊಟ್ಟರು, ಹೆಚ್ಚು ಹಣ ಕೇಳಲಿಲ್ಲ.

ಪೆರೇಡ್ ಚಿತ್ರ, ಪದಕ, ಬಾವುಟ ಇಷ್ಟೇ ಬೇಕು ಅನ್ನುವವರಿಗೆ ಈ ತರಹದ ಸೇವೆ ಅಗತ್ಯವಿಲ್ಲ. ಅದಕ್ಕಿಂತ ಬೇಗ ಮಾಡಿಕೊಡುವವರು ಸಿಗುತ್ತಾರೆ. ಪಡೆ ಹೇಗೆ ನಡೆಯುತ್ತದೆ, ಯಾರು ಯಾರಿಗೆ ಹೆದರುತ್ತಾರೆ ಅಂತ ನಿಮ್ಮ ಹತ್ತಿರ ಉತ್ತರ ಇದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೆಲಸ ಕೊಡುವಾಗಲೇ ಲೇಯರ್ ಇರುವ ಫೈಲ್ ಬೇಕು ಅಂತ ಬರೆದುಕೊಳ್ಳಿ. ತಿದ್ದುಪಡಿಗಳನ್ನು ಚಿತ್ರ ಚಿತ್ರಕ್ಕೂ ಬೇರೆ ಬೇರೆ ಪಟ್ಟಿ ಮಾಡಿ ಕಳಿಸಿ. ನಾನು ಮುಂದಿನ ಕೆಲಸಕ್ಕೆ ಆಗಲೇ ಹೇಳಿದ್ದೇನೆ, ವಿಸಾಯಸ್ ದ್ವೀಪಗಳ ನಡುವೆ ಓಡಾಡುವ ದೋಣಿ ಗಸ್ತು. ಪ್ರಶ್ನೆಗಳು ನಿನ್ನೆ ಬಂದವು. ಮೊದಲನೆಯದು, ದೋಣಿಯಲ್ಲಿ ಹುಟ್ಟು ಹಾಕುವವರಿಗೆ ಸಂಬಳ ಇದೆಯಾ, ಅಥವಾ ಹಳ್ಳಿಯವರು ಸ್ಪೇನ್ ಸರ್ಕಾರಕ್ಕೆ ಮಾಡಬೇಕಿದ್ದ ವರ್ಷದ 15 ದಿನದ ಬಿಟ್ಟಿ ದುಡಿಮೆಯಲ್ಲಿ ಹಿಡಿದು ತಂದವರಾ?