ಅಂಗೈಯಗಲದ ಶಾರ್ಟ್‌ವೇವ್ ರೇಡಿಯೊ: ಮುಳ್ಳಿನದೋ, ಅಂಕಿಯದೋ?

ಹೆಚ್ಚು ಹಣ ಸುರಿಯದೆ ಶಾರ್ಟ್‌ವೇವ್ (ದೂರದೇಶಗಳ ಕೇಂದ್ರಗಳೂ ಸಿಗುವ ರೇಡಿಯೊ ಅಲೆಗಳು) ಕೇಳಬೇಕೆನ್ನುವವರಿಗೆ ಎರಡು ದಾರಿಗಳಿವೆ: ಟೆಕ್ಸನ್ ಆರ್-9012ರಂಥ ಮುಳ್ಳು ಸರಿಯುವ ರೇಡಿಯೊ, ಅಥವಾ ಅದೇ ಕಂಪನಿಯ ಪಿಎಲ್-330ರಂಥ ಡಿಜಿಟಲ್ ರೇಡಿಯೊ.

ಮುಳ್ಳಿನದು ಅಗ್ಗ. ಎರಡು ಎಎ ಸೆಲ್ ಸಾಕು, ಅವು ಯಾವ ಅಂಗಡಿಯಲ್ಲೂ ಸಿಗುತ್ತವೆ. ರಾತ್ರಿ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಾ ಚೀನಿ, ಅರಬಿ ದನಿಗಳನ್ನು ದಾಟಿಹೋಗುವ ಸುಖವೇ ಬೇರೆ. ಆದರೆ ನಿಂತ ಜಾಗದ ನಿಖರ ಕಂಪನಾಂಕ (ಫ್ರೀಕ್ವೆನ್ಸಿ) ತಿಳಿಯುವುದಿಲ್ಲ. ಹಿಡಿದ ಅಲೆಯನ್ನು ರೇಡಿಯೊ ತನ್ನೊಳಗೆ ಬದಲಿಸಿಕೊಳ್ಳುವ ಮಧ್ಯಂತರ ಕಂಪನಾಂಕ 455 ಕಿಲೋಹರ್ಟ್ಸ್ ಆಗಿರುವುದರಿಂದ ಪ್ರಬಲ ಕೇಂದ್ರವೊಂದು ತನ್ನ ನಿಜ ಜಾಗಕ್ಕಿಂತ ಈ ಅಂಕಿಯ ಇಮ್ಮಡಿಯಷ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೂ ಕೇಳಿಸಿ ದಾರಿ ತಪ್ಪಿಸುತ್ತದೆ.

ಡಿಜಿಟಲ್‌ನಲ್ಲಿ ಅಂಕಿ ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗಬಹುದು, ಸಿಕ್ಕ ಕೇಂದ್ರವನ್ನು ನೆನಪಿನಲ್ಲಿಡಬಹುದು. ಪಿಎಲ್-330ರಲ್ಲಿ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್ ಎಂಬ ವಿಧಾನದಲ್ಲಿ ಕಳಿಸಿದ ಮಾತನ್ನು ಬಿಡಿಸಿ ಕೇಳಿಸುವ ಸೌಲಭ್ಯ) ಕೂಡ ಇದೆ. 7 ಮೆಗಾಹರ್ಟ್ಸ್ ಸುತ್ತ ಹವ್ಯಾಸಿ ರೇಡಿಯೊದವರು ಆಡುವ ಮಾತು ಅದಿಲ್ಲದೆ ಬರೀ ಗೊಗ್ಗರು ಸದ್ದು. ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿಯೇ ಇದಕ್ಕೂ ಆಗುತ್ತದೆ, ಆದರೆ ಚಾರ್ಜ್ ಮಾಡುತ್ತಿರಬೇಕು.

ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗದ್ದಲಕ್ಕೆ ಎರಡೂ ಸೋಲುತ್ತವೆ. ಮಾಳಿಗೆಗೆ ಹೋಗಿ, ಆಂಟೆನಾಕ್ಕೆ ಕೆಲವು ಮೀಟರ್ ತಂತಿ ಸಿಕ್ಕಿಸಿದರೆ ಕೇಳುವಿಕೆ ಎಷ್ಟೋ ಸುಧಾರಿಸುತ್ತದೆ.

ನನ್ನ ಆಯ್ಕೆ ಡಿಜಿಟಲ್. ಬಿಬಿಸಿ ಹಿಂದಿಯಂಥ ಸೇವೆಯೇ 2020ರಲ್ಲಿ ಶಾರ್ಟ್‌ವೇವ್ ಬಿಟ್ಟ ಮೇಲೆ, ಉಳಿದ ಕೇಂದ್ರಗಳನ್ನು ವೇಳಾಪಟ್ಟಿ ನೋಡಿ ಹುಡುಕಬೇಕಾಗಿದೆ. ಅದಕ್ಕೆ ಕಂಪನಾಂಕ ಕಣ್ಣಿಗೆ ಕಾಣಲೇಬೇಕು. ಸಣ್ಣ ಗುಂಡಿಗಳನ್ನು ಒತ್ತಲು ಬೇಸರಪಡುವ ಹಿರಿಯರಿಗಾದರೆ ಮುಳ್ಳಿನದನ್ನೇ ಕೊಡಿಸಿ.