ಸೊಂಟಕ್ಕೆ ಪಿಸ್ತೂಲಾ, ಕಿಸೆಗೆ ಪೆಪ್ಪರ್ ಸ್ಪ್ರೇನಾ?

ರಾತ್ರಿ ಅಂಗಡಿ ಮುಚ್ಚಿ ಹಣದೊಂದಿಗೆ ಮನೆಗೆ ಹೋಗುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ.

ಪಿಸ್ತೂಲಿಗೆ ಲೈಸೆನ್ಸ್ ಬೇಕು. ಮಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್, ಉಡುಪಿಯಲ್ಲಾದರೆ ಜಿಲ್ಲಾಧಿಕಾರಿ ಕೊಡಬೇಕು. ಯಾಕೆ ಬೇಕು ಅಂತ ಸರಿಯಾದ ಕಾರಣ ತೋರಿಸಬೇಕು, ಪೊಲೀಸ್ ವರದಿಯೂ ಆಗಬೇಕು. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಇಡಲು ಹೇಳುತ್ತಾರೆ. ತೋಟಕ್ಕೆ ನುಗ್ಗುವ ಹಂದಿಗಾಗಿ ಕೋವಿ ಇಟ್ಟ ಕೃಷಿಕರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅವರ ಅಗತ್ಯವೇ ಬೇರೆ ಬಿಡಿ.

ಸಂಜೆ ಹೊತ್ತು ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಟಿ ಬಸ್ ಹತ್ತಿ ನೋಡಿ. ಒಂದು ಕೈ ಕಂಬಿ ಮೇಲೆ, ಇನ್ನೊಂದರಲ್ಲಿ ಚೀಲ, ಹಿಂದಿನಿಂದ ನೂಕು. ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲು ಇದ್ದರೆ ಅದನ್ನು ಕಾಯುವುದೇ ಕೆಲಸ ಆಗುತ್ತದೆ. ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಬೇಕು. ಪಾರ್ಕಿಂಗ್ ಜಗಳದಲ್ಲಿ ಸಿಟ್ಟು ನೆತ್ತಿಗೇರಿದಾಗಲೂ ಅದು ಕೈಗೆಟುಕುವಷ್ಟು ಹತ್ತಿರವೇ ಇರುತ್ತದೆ ಅಲ್ವಾ? ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದರದ್ದೇ.

ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ. ಎದುರುಗಾಳಿ ಇದ್ದರೆ ನಮ್ಮ ಕಣ್ಣಿಗೇ ಹೊಡೆಯುತ್ತದೆ, ಮಲ್ಪೆ, ಪಣಂಬೂರು ಕಡಲತೀರದ ಕಡೆಯವರು ಗಮನಿಸಿ. ಆದರೂ ಮೈಮೇಲೆ ಬಂದವನ ಕಣ್ಣಿಗೆ ಬಿದ್ದರೆ ಓಡಲು, 112ಕ್ಕೆ ಕರೆ ಮಾಡಲು ಸಮಯ ಸಿಗುತ್ತದೆ.

ನಿಜವಾದ ಜೀವಬೆದರಿಕೆ ಇದ್ದವರು ಲೈಸೆನ್ಸಿಗೆ ಅರ್ಜಿ ಹಾಕಲಿ. ಸುಮ್ನೆ ಧೈರ್ಯಕ್ಕೆ ಅಂತಾದರೆ ಪಿಸ್ತೂಲು ಬೇಡವೇ ಬೇಡ. ಹಣವನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟಿ, ರಾತ್ರಿ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.